ಚಾಪೆಕೋಣೆಯೊಳಗೆ ಬೂಟುಗಾಲು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಕರೆಂಟು ಹೋಯಿತು. ಹೊತ್ತು ಇಷ್ಟು ಸರಿಯಾಗಿ ನೆನಪಿದೆ, ಏಕೆಂದರೆ ಒಲೆಯ ಮೇಲಿನ ಗಡಿಯಾರದ ಹಸಿರು ಅಂಕಿಗಳನ್ನು ನಾನು ನೋಡುತ್ತಿದ್ದಂತೆಯೇ ಅವು ಆರಿಹೋದವು. ಮಗುವಿನ ಸ್ನಾನಕ್ಕೆ ಇಟ್ಟ ನೀರು ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ.

ಡಾಲಸ್‌ನಲ್ಲಿ ಹಿಂದಿನ ರಾತ್ರಿಯಿಂದ ಬೀಳುತ್ತಿದ್ದ ಮಳೆ ಬಿದ್ದಲ್ಲೇ ಗಾಜಾಗುತ್ತಿತ್ತು. ರಸ್ತೆ, ಕಾರು, ಬೇಲಿ, ಹುಲ್ಲು ಎಲ್ಲಕ್ಕೂ ಬೆರಳು ದಪ್ಪದ ಮಂಜುಗಡ್ಡೆಯ ಹೊದಿಕೆ. ಆಗಾಗ ಎಲ್ಲೋ ಮರದ ಕೊಂಬೆ ಭಾರ ತಾಳದೆ ಪಟಾಕಿಯಂತೆ ಸಿಡಿದು ಬೀಳುತ್ತಿತ್ತು. ಮನೆಯಲ್ಲಿದ್ದವರು ಐವರು: ಬಾಣಂತಿ ಅಕ್ಕ, ಇನ್ನೂ ಎರಡು ತಿಂಗಳು ತುಂಬದ ಅವಳ ಮಗಳು, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ, ಸಾಫ್ಟ್‌ವೇರ್ ಕೆಲಸದ ಭಾವ, ಮತ್ತು ನಾನು. ನಾನಾಗ ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಸೆಮಿಸ್ಟರ್ ಮುಗಿಯಿತೆಂದು ಅಮ್ಮನಿಗೆ ಕೈನೆರವಾಗಲು ಬಂದಿದ್ದೆ.

ಈ ಮನೆಯ ಬಗ್ಗೆ ಮೊದಲು ಹೇಳಬೇಕು. ಹೊರಗಿನಿಂದ ನೋಡಿದರೆ ಆ ಬಡಾವಣೆಯ ಉಳಿದ ಮನೆಗಳಂತೆಯೇ ಇಟ್ಟಿಗೆಯ ಮನೆ. ಮುಂಬಾಗಿಲು ತೆರೆದರೆ ಮಾತ್ರ ಬೇರೆ ದೇಶ. ಬಾಗಿಲ ಒಳಗೆ ಒಂದಡಿ ತಗ್ಗಿನಲ್ಲಿ ಕಲ್ಲುಹಾಸು, ಅಲ್ಲಿ ಚಪ್ಪಲಿ ಬಿಟ್ಟು ಮೇಲಕ್ಕೆ ಹತ್ತಬೇಕು. ಬಿಟ್ಟ ಚಪ್ಪಲಿಯನ್ನು ಮೂತಿ ಬಾಗಿಲ ಕಡೆ ತಿರುಗಿಸಿ ಇಡಬೇಕು. ಕೆಳಮನೆಯ ಹಿಂಭಾಗದಲ್ಲಿ ಒಂದು ಜಪಾನಿ ಕೋಣೆ. ನೆಲಕ್ಕೆ ಗೋಡೆಯಿಂದ ಗೋಡೆಗೆ ದಪ್ಪ ಹುಲ್ಲಿನ ಚಾಪೆ, ತೋಟದ ಕಡೆಯ ಗಾಜಿನ ಬಾಗಿಲಿಗೆ ಒಳಗಿನಿಂದ ಮರದ ಚೌಕಟ್ಟಿಗೆ ಬಿಳಿ ಕಾಗದ ಅಂಟಿಸಿದ ಜಾರುಬಾಗಿಲು. ಕೋಣೆಯ ನಡುವೆ ನೆಲದಲ್ಲೇ ಮೊಣಕಾಲುದ್ದದ ಚೌಕ ಹೊಂಡ. ಹೊಂಡದ ಮೇಲೆ ಗಿಡ್ಡ ಮೇಜು, ಮೇಜಿನ ಸುತ್ತ ನೆಲ ಮುಟ್ಟುವ ರಜಾಯಿ, ಹೊಂಡದ ತಳದಲ್ಲಿ ಕರೆಂಟಿನ ಹೀಟರು. ಚಳಿಗಾಲದಲ್ಲಿ ಮನೆಯವರೆಲ್ಲ ಕಾಲುಗಳನ್ನು ಒಳಗೆ ಇಳಿಬಿಟ್ಟು, ರಜಾಯಿಯನ್ನು ಸೊಂಟದವರೆಗೆ ಎಳೆದುಕೊಂಡು ಕೂರುವ ಜಾಗ. ಅದಕ್ಕೆ ಕೊಟಾತ್ಸು ಎನ್ನುತ್ತಾರೆ.

ಇದನ್ನು ಕಟ್ಟಿದವರು ಮನೆಯ ಜಪಾನಿ ಒಡತಿಯ ಗಂಡ. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಕಡೆ ಎಂಜಿನಿಯರ್ ಆಗಿದ್ದವರು ಆಮೇಲೆ ಡಾಲಸ್‌ಗೆ ಬಂದು, ರಜಾದಿನಗಳಲ್ಲಿ ಒಂದೊಂದೇ ಹಲಗೆ ಜೋಡಿಸಿ ಈ ಕೋಣೆ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಆಕೆ ಅದೇ ಬೀದಿಯಲ್ಲಿ ಮೂರು ಮನೆಯಾಚೆ ಒಂದು ಪುಟ್ಟ ಮನೆಗೆ ಹೋಗಿ ಇದನ್ನು ಬಾಡಿಗೆಗೆ ಕೊಟ್ಟರು. ಒಂದೇ ಷರತ್ತು: ಕೋಣೆಯನ್ನು ಕೋಣೆಯಾಗಿಯೇ ಬಳಸಬೇಕು, ಚಾಪೆಯ ಮೇಲೆ ಯಾರೂ ಶೂ ಹಾಕಿಕೊಂಡು ಹೋಗಬಾರದು. ಅಕ್ಕ ಭಾವ ಮನೆ ನೋಡಲು ಹೋದ ದಿನ ಯಾರೂ ಹೇಳದೆಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರಂತೆ. ಆಕೆ ಬೇರೇನೂ ಕೇಳದೆ ಕೀಲಿಕೈ ಕೊಟ್ಟರಂತೆ.

ನಾವೆಲ್ಲ ಆಕೆಯನ್ನು ಆಂಟಿ ಎನ್ನುತ್ತಿದ್ದೆವು. ಅಮ್ಮನಿಗೂ ಆಂಟಿಗೂ ಸರಿಯಾಗಿ ಒಂದು ಭಾಷೆ ಇರಲಿಲ್ಲ. ಆದರೆ ಆಂಟಿ ಹೊಸ್ತಿಲು ತುಳಿಯದೆ ದಾಟಿದ್ದನ್ನು ಕಂಡ ದಿನ ಅಮ್ಮ ನನ್ನ ಕಿವಿಯಲ್ಲಿ, "ನೋಡೇ, ನಮ್ಮ ಕಡೆಯವರ ಥರಾನೇ" ಎಂದಿದ್ದಳು. ಉತ್ತರಕ್ಕೆ ತಲೆಯಿಟ್ಟು ಮಲಗಬಾರದು ಎಂಬುದು ಅಲ್ಲಿಯೂ ಇದೆ ಎಂದು ತಿಳಿದ ಮೇಲೆ ಅಮ್ಮನ ಪಾಲಿಗೆ ಆಂಟಿ ನಂಟರೇ ಆಗಿಬಿಟ್ಟರು. ಒಂದು ವಿಷಯದಲ್ಲಿ ಮಾತ್ರ ಅಮ್ಮ ಒಪ್ಪಲಿಲ್ಲ. ಜಪಾನಿನಲ್ಲಿ ಹೊರಗೇ ಮೈ ತೊಳೆದುಕೊಂಡು, ಆಮೇಲೆ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಒಂದೇ ತೊಟ್ಟಿಯ ಬಿಸಿನೀರಿನಲ್ಲಿ ಕೂರುತ್ತಾರೆ ಎಂದು ಆಂಟಿ ಹೇಳಿದಾಗ, "ಒಬ್ರು ಮುಳುಗಿದ ನೀರಲ್ಲಿ ಇನ್ನೊಬ್ರಾ? ಶಿವ ಶಿವಾ, ಅದೊಂದು ನನ್ನ ಕೈಲಾಗಲ್ಲಮ್ಮ" ಎಂದು ಕೈಮುಗಿದಳು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದಕ್ಕೆ ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಂಟಿ ಆ ಮನೆಗೆ ಬರುವಾಗಲೆಲ್ಲ, ಬಾಡಿಗೆಗೆ ಕೊಟ್ಟ ಮನೆಯಾದರೂ, ಕಲ್ಲುಹಾಸಿನ ಮೇಲೆ ನಿಂತು "ತದಾಯಿಮಾ" ಎಂದು ಕೂಗುತ್ತಿದ್ದರು. ಬಂದೆ ಎಂದರ್ಥ. ಒಳಗಿರುವವರು ಉತ್ತರ ಕೊಡಲೇಬೇಕು, ಕೊಡುವವರೆಗೆ ಮೇಲೆ ಹತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕನ್ನಡದಲ್ಲೇ ಉತ್ತರ ಹೋಗುತ್ತಿತ್ತು. "ಬಾಮ್ಮಾ ಬಾ" ಎಂದು ಅಮ್ಮ ಅಡುಗೆಮನೆಯಿಂದ, "ಬನ್ನಿ ಆಂಟೀ" ಎಂದು ಭಾವ ಮಹಡಿಯಿಂದ. ಹೊರಡುವಾಗಲೂ ಹಾಗೇ ಒಂದು ಮಾತು ಇತ್ತು, ಹೋಗಿ ಬರುತ್ತೇನೆ ಎಂದು ಅದರ ಅರ್ಥ. "ಅದು ನಮ್ದೇ ಅಲ್ವಾ, ಇವರಿಗೆ ಯಾರು ಹೇಳ್ಕೊಟ್ರೋ" ಎಂದು ಅಮ್ಮ ಬೆರಗಾಗಿದ್ದಳು.

ಇನ್ನು ಕರೆಂಟು ಹೋದ ಮಧ್ಯಾಹ್ನಕ್ಕೆ ಬರುತ್ತೇನೆ.

ಒಲೆ ಕರೆಂಟಿನದು, ಹೀಟರು ಕರೆಂಟಿನದು. ಮನೆ ಬೇಗ ತಣ್ಣಗಾಯಿತು. ಅಕ್ಕನ ತುಟಿ ನಡುಗತೊಡಗಿತು. ಕೊಟಾತ್ಸುವಿನಲ್ಲಿ ಉಳಿದಿದ್ದ ಶಾಖ ಹಿಡಿದು ಎಲ್ಲರೂ ಚಾಪೆಕೋಣೆಯಲ್ಲಿ ಸೇರಿದೆವು. ಸ್ವಲ್ಪ ಹೊತ್ತಿಗೆ ಅದೂ ಆರಿತು. ಆಗ ಅಮ್ಮ ಹೇಳಿದಳು, "ನಿಮ್ಮಿಬ್ಬರನ್ನ ಹೆತ್ತಾಗ ನಮ್ಮಮ್ಮ ಮಂಚದ ಕೆಳಗೆ ಕೆಂಡ ಇಡ್ತಿದ್ರು. ಇದ್ದಿಲಿಲ್ವಾ ಮನೇಲಿ?"

ಗ್ಯಾರೇಜಿನಲ್ಲಿ ಬಾರ್ಬೆಕ್ಯೂ ಇದ್ದಿಲಿನ ಚೀಲವಿತ್ತು. ಅಮ್ಮ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದುದೇ ಅದರಿಂದ. ಭಾವನಿಗೆ ಇನ್ನೊಂದು ನೆನಪಾಯಿತು. ಹಿಂದಿನ ತಿಂಗಳು ಆಂಟಿ ಅವನಿಗೆ ಹೊಂಡ ತೋರಿಸುತ್ತ, ತಮ್ಮ ಬಾಲ್ಯದಲ್ಲಿ ಇದರೊಳಗೆ ಕೆಂಡವನ್ನೇ ಹಾಕುತ್ತಿದ್ದರು, ಕರೆಂಟು ಬಂದದ್ದು ಆಮೇಲೆ ಎಂದು ಹೆಮ್ಮೆಯಿಂದ ಹೇಳಿದ್ದರು.

"ನೋಡಿ ಅತ್ತೆ, ಇದು ಮಾಡಿರೋದೇ ಅದಕ್ಕೆ" ಎಂದ ಭಾವ. "ಹೊರಗಡೆ ಹೊತ್ತಿಸಿ, ಹೊಗೆಯೆಲ್ಲ ಹೋದ ಮೇಲೆ ತರ್ತೀನಿ. ಹೊಗೆ ಇಲ್ದಿದ್ರೆ ಇನ್ನೇನು?"

ಮೈಸೂರಿನ ಮನೆಗೆ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಆಂಟಿಯ ಊರಿನ ಮನೆಗೆ ಮರದ ಗೋಡೆ, ಕಾಗದದ ಬಾಗಿಲು. ಟೆಕ್ಸಸ್‌ನ ಈ ಮನೆಯನ್ನು ಬೇಸಿಗೆಯ ತಂಪು ಒಂದಿಷ್ಟೂ ಸೋರದಂತೆ ಡಬ್ಬಿಯ ಹಾಗೆ ಮುಚ್ಚಿ ಕಟ್ಟಿದ್ದರು. ಮೈಸೂರಿನಲ್ಲಿ ಅದು ಸರಿ, ಜಪಾನಿನಲ್ಲಿಯೂ ಅದು ಸರಿ, ಹಾಗಾಗಿ ಇಲ್ಲಿಯೂ ಸರಿಯೇ ಇರಬೇಕು ಎಂದು ಮನೆಯಲ್ಲಿದ್ದ ಓದಿದವರಿಗೆಲ್ಲ ಅನ್ನಿಸಿತು. ಹಜಾರದ ಸೂರಿಗೆ ಒಂದು ಅಲಾರಂ ಇದ್ದಿದ್ದೇನೋ ನಿಜ, ಹೊಗೆಗೂ ವಿಷಗಾಳಿಗೂ ಸೇರಿ ಒಂದೇ. ಆದರೆ ದಿನಾ ಬೆಳಿಗ್ಗೆ ಅಮ್ಮ ಸಾಂಬ್ರಾಣಿ ಹಾಕಿದ ಕೂಡಲೇ ಅದು ಕಿರುಚಿ ಮಗುವನ್ನು ಎಬ್ಬಿಸುತ್ತಿತ್ತು. ಬಾಣಂತನ ಮುಗಿಯುವವರೆಗೆ ಎಂದು ಭಾವ ಅದನ್ನು ಇಳಿಸಿ, ಬ್ಯಾಟರಿ ತೆಗೆದು, ಚಮಚಗಳ ಡ್ರಾಯರಿನಲ್ಲಿ ಇಟ್ಟಿದ್ದ.

ಭಾವ ಹೊರಗೆ ಇದ್ದಿಲು ಹೊತ್ತಿಸುತ್ತಿರುವಾಗಲೇ ಅಮ್ಮ ನನಗೆ, "ಆಂಟಿ ಮನೇಲಿ ಗ್ಯಾಸ್ ಒಲೆ ಅಲ್ವಾ? ಎರಡು ಫ್ಲಾಸ್ಕ್ ಬಿಸಿನೀರು ತಾರೆ, ಮಗುಗೆ ಮೈಯಾದರೂ ಒರೆಸೋಣ" ಎಂದಳು. ಹೀಗೆ ನಾನು ಹೊರಗೆ ಹೋದೆ. ನಾನು ಹೊರಗಿದ್ದೆ ಎಂಬುದರ ಹಿಂದೆ ಇಷ್ಟೇ ಇರುವುದು. ಮಗುವಿನ ಮೈ ಒರೆಸಲು ನೀರು.

ಮೂರು ಮನೆ ದಾಟಲು ಬೇಲಿ ಹಿಡಿದು ಹಿಡಿದು ಹೋಗಬೇಕಾಯಿತು. ಆಂಟಿ ನನ್ನನ್ನು ಬರಿಗೈಯಲ್ಲಿ ಬಿಡುವವರಲ್ಲ. ನೀರು ಕಾಯಲಿ ಎಂದು ಕೂರಿಸಿ ಚಹಾ ಕೊಟ್ಟರು, ಕಿತ್ತಳೆ ಸುಲಿದುಕೊಟ್ಟರು. ಅಕ್ಕನ ಹಾಲಿಗೆ ಒಳ್ಳೆಯದೆಂದು ಸೊಪ್ಪಿನ ಸಾರು ಬೇರೆ ಒಲೆಯ ಮೇಲಿಟ್ಟರು. ನಾನು ಆ ಬೆಚ್ಚನೆಯ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಸುಖವಾಗಿದ್ದೆ. ಇನ್ನೊಂದು ಕಪ್ ಚಹಾ ಬೇಕೇ ಎಂದು ಅವರು ಕೇಳಿದರು. ಆ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. ಇಷ್ಟು ವರ್ಷವಾದರೂ ಯಾರಾದರೂ ಚಹಾದ ಕೆಟಲ್ ಹಿಡಿದು ಹಾಗೆ ಬಾಗಿದರೆ ಕಪ್ಪಿಗೆ ಕೈ ಅಡ್ಡ ಹಿಡಿದು ಎದ್ದುಬಿಡುತ್ತೇನೆ. ಬೇಡ ಆಂಟಿ, ನೀರು ಆರಿಹೋಗುತ್ತೆ ಎಂದಿದ್ದೆ. ಬೇರೆ ಯಾವ ಯೋಚನೆಯೂ ಇರಲಿಲ್ಲ.

ಆಂಟಿ ಫ್ಲಾಸ್ಕುಗಳನ್ನೂ ಸಾರಿನ ಡಬ್ಬಿಯನ್ನೂ ಒಂದು ದೊಡ್ಡ ಬಟ್ಟೆಯಲ್ಲಿ ಗಂಟು ಕಟ್ಟಿದರು. ತಾವೂ ಬರುತ್ತೇನೆ ಎಂದು ಹೊರಟರು. ಜಾರದಿರಲೆಂದು ತಮ್ಮ ಬೂಟಿನ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡರು, ನನ್ನ ಶೂಗೂ ಹಾಕಿಸಿದರು. ಎಪ್ಪತ್ತು ದಾಟಿದ ಹೆಂಗಸು ನನಗಿಂತ ಗಟ್ಟಿಯಾಗಿ ಹೆಜ್ಜೆ ಇಡುತ್ತ ಮುಂದೆ ನಡೆದರು.

ಬಾಗಿಲು ತೆರೆದೆವು. ನಾನು ಬಗ್ಗಿ ಶೂ ಬಿಚ್ಚತೊಡಗಿದೆ. ಆಂಟಿ ನೆಟ್ಟಗೆ ನಿಂತು ಕೂಗಿದರು.

"ತದಾಯಿಮಾ!"

ಏನೂ ಇಲ್ಲ. ಇನ್ನೊಮ್ಮೆ, ಜೋರಾಗಿ ಕೂಗಿದರು. ಏನೂ ಇಲ್ಲ.

"ನಿದ್ದೆ ಹತ್ತಿರಬೇಕು ಆಂಟಿ" ಎಂದೆ.

"ಎಲ್ಲರಿಗೂ?" ಎಂದರು ಅವರು ಇಂಗ್ಲಿಷಿನಲ್ಲಿ.

ಗಂಟು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ನಾನು ತಲೆಯೆತ್ತುವಷ್ಟರಲ್ಲಿ ಆಂಟಿ ಮೆಟ್ಟಿಲು ಹತ್ತಿ ಹಜಾರ ದಾಟಿದ್ದರು. ಬೂಟು ಹಾಕಿಕೊಂಡೇ. ಅದನ್ನು ಕಂಡಾಗಲೇ ನನಗೆ ಭಯ ಹುಟ್ಟಿದ್ದು. ಮೌನಕ್ಕಲ್ಲ. ಆ ಕೋಣೆಗೆ ಬರಿಗಾಲಲ್ಲಿ ಹೋಗುವಾಗಲೂ ಚಾಪೆಯ ಅಂಚು ತುಳಿಯದ ಹೆಂಗಸು ಒದ್ದೆ ಬೂಟಿನಲ್ಲಿ ಅದರ ಮೇಲೆ ಓಡುತ್ತಿದ್ದರು.

ಒಳಗೆ ಬೆಚ್ಚಗಿತ್ತು. ಯಾವ ವಾಸನೆಯೂ ಇಲ್ಲ. ಭಾವ ಗೋಡೆಗೆ ಒರಗಿದ್ದ, ಎದೆಯ ಮೇಲೆ ವಾಂತಿ ಮಾಡಿಕೊಂಡಿದ್ದ. ನನ್ನನ್ನು ನೋಡಿ, ಯಾರೋ ಗುರುತಿಲ್ಲದವರಿಗೆ ನಗುವಂತೆ ನಕ್ಕ. ಅಮ್ಮನ ತಲೆ ಮೇಜಿನ ಮೇಲಿತ್ತು. ಅಕ್ಕ ಹಾಸಿಗೆಯ ಮೇಲೆ ಒಂದು ಮಗ್ಗುಲಾಗಿ, ಕೈಯನ್ನು ಮಗುವಿನ ಮೇಲೆ ಹಾಕಿ ಮಲಗಿದ್ದಳು. ಹೊಂಡದಲ್ಲಿ ಕೆಂಡ ಕೆಂಪಗೆ, ಚೆಂದಕ್ಕೆ ಉರಿಯುತ್ತಿತ್ತು.

ಆಂಟಿ ಮಗುವನ್ನು ಎತ್ತಿ ಕೋಟಿನೊಳಗೆ ತುರುಕಿಕೊಂಡರು. "ಗಾಳಿ! ಬಾಗಿಲು!" ಎಂದು ಕೂಗುತ್ತ ಹೊರಗೋಡಿದರು. ನಾನು ಕಾಗದದ ಬಾಗಿಲನ್ನು ಸರಿಸಹೋದೆ, ಅವಸರಕ್ಕೆ ಅದು ಕಂಬಿ ತಪ್ಪಿ ಸಿಕ್ಕಿಕೊಂಡಿತು. ಭುಜದಿಂದ ನುಗ್ಗಿದೆ, ಕಾಗದ ಹರಿಯಿತು, ಕಡ್ಡಿ ಮುರಿಯಿತು. ಹಿಂದಿನ ಗಾಜಿನ ಬಾಗಿಲು ಹೊರಗಿನ ಮಂಜಿಗೆ ಅಂಟಿ ಕೂತಿತ್ತು, ಅಲುಗಲಿಲ್ಲ. ಮೇಜಿನ ಮೇಲೆ ಅಮ್ಮನ ಕುಟ್ಟಾಣಿ ಇತ್ತು. ಬಾಣಂತಿಯ ಶುಂಠಿ ಮೆಣಸು ಕುಟ್ಟಲು ಮೈಸೂರಿನಿಂದ ಹೊತ್ತು ತಂದಿದ್ದ ಕಬ್ಬಿಣದ ಕುಟ್ಟಾಣಿ. ಅದರ ಕುಟ್ಟುವ ಗುಂಡು ಹಿಡಿದು ಗಾಜಿನ ಮೂಲೆಗೆ ಬೀಸಿದೆ. ಎರಡು ಪದರದ ಗಾಜು, ಒಂದು ಒಡೆಯಿತು. ಮತ್ತೆ ಬೀಸಿದೆ, ಇನ್ನೊಂದೂ ಒಡೆದು ಚಳಿ ಒಳಗೆ ನುಗ್ಗಿತು. ಅಷ್ಟು ಒಳ್ಳೆಯ ಚಳಿಯನ್ನು ನಾನು ಮತ್ತೆ ಎಂದೂ ಕಂಡಿಲ್ಲ.

ಅಕ್ಕನನ್ನು ಎತ್ತುವ ಶಕ್ತಿ ನನಗಿರಲಿಲ್ಲ. ಹಾಸಿಗೆಯ ತುದಿ ಹಿಡಿದು ಎಳೆದೆ. ಆ ಹುಲ್ಲುಚಾಪೆಯ ನುಣುಪಿನ ಮೇಲೆ ಹಾಸಿಗೆ ಜಾರಿತು ನೋಡಿ, ಹಜಾರದ ಮರದ ನೆಲದ ಮೇಲೆ ಇನ್ನೂ ಸಲೀಸಾಗಿ ಜಾರಿತು, ಬಾಗಿಲವರೆಗೆ ಒಂದೇ ಉಸಿರಿಗೆ ಎಳೆದುಬಿಟ್ಟೆ. ಮರಳಿ ಬಂದು ಭಾವನ ಕೆನ್ನೆಗೆ ಬಾರಿಸಿದೆ. ಅವನು ಅಂಬೆಗಾಲಿಟ್ಟು ತಾನೇ ಹೊರಟ. ಅಮ್ಮನನ್ನು ಕಂಕುಳಿಗೆ ಕೈ ಕೊಟ್ಟು ಎಳೆಯುತ್ತಿರುವಾಗ ಅರ್ಧ ದಾರಿಯಲ್ಲಿ ಅವಳಿಗೆ ಎಚ್ಚರವಾಯಿತು.

"ಯಾರೇ ಅದು... ಸೀರೆ, ಸೀರೆ ಬಿಚ್ಚೋಗತ್ತೆ ಕಣೇ!"

ನಾನು ಅಳುತ್ತಲೇ ನಕ್ಕೆ. ಸೀರೆ ನೆನಪಿರುವವಳು ಬದುಕುತ್ತಾಳೆ ಎಂದು ಯಾಕೋ ಗಟ್ಟಿಯಾಗಿ ಅನ್ನಿಸಿತು.

ಹೊರಗೆ ಜಗುಲಿಯ ಮೇಲೆ ಆಂಟಿ ಮಂಡಿಯೂರಿ ಕೂತಿದ್ದರು. ಮಗುವಿನ ಅಂಗಾಲುಗಳನ್ನು ಹೆಬ್ಬೆರಳಿನಿಂದ ತಿಕ್ಕುತ್ತ, ತಮ್ಮ ಭಾಷೆಯಲ್ಲಿ ಒಂದೇ ಸಮನೆ ಏನೋ ಗದರುತ್ತಿದ್ದರು. ನಾನು ತುರ್ತು ನಂಬರಿಗೆ ಫೋನ್ ಮಾಡಿದೆ. ವಿಳಾಸ ಹೇಳುತ್ತಿರುವಾಗ ಮಗು ಒಮ್ಮೆ ಬಿಕ್ಕಿತು. ಆಮೇಲೆ ಸುಮ್ಮನಾಯಿತು. ಆ ಸುಮ್ಮನಿದ್ದ ಹೊತ್ತು ಎಷ್ಟೋ ನನಗೆ ಗೊತ್ತಿಲ್ಲ. ಆಮೇಲೆ ಅತ್ತಿತು. ಬೀದಿಯ ಕೊನೆಯವರೆಗೆ ಕೇಳುವಂತೆ, ಹಟ ಹಿಡಿದು, ಮೂಗು ಕೆಂಪು ಮಾಡಿಕೊಂಡು ಅತ್ತಿತು. ಅಕ್ಕನ ಕಣ್ಣು ತೆರೆದದ್ದು ಆ ಅಳುವಿಗೇ.

ಗಾಲಿಗಳಿಗೆ ಸರಪಳಿ ಸುತ್ತಿಕೊಂಡು ಅಗ್ನಿಶಾಮಕದ ಲಾರಿ ಬಂತು, ಹಿಂದೆಯೇ ಆಂಬುಲೆನ್ಸ್. ಕೈಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಯಂತ್ರ ಹಿಡಿದು ಕೋಣೆಗೆ ಹೋದವನು ತಕ್ಷಣ ಮುಖವಾಡ ಏರಿಸಿಕೊಂಡ. ಆಸ್ಪತ್ರೆಯಲ್ಲಿ ನಾಲ್ವರಿಗೂ ಆಮ್ಲಜನಕ ಹಾಕಿದರು. ಅಕ್ಕನನ್ನೂ ಮಗುವನ್ನೂ ಒತ್ತಡದ ಗಾಳಿ ತುಂಬಿದ ಒಂದು ದುಂಡನೆಯ ಕೋಣೆಯಲ್ಲಿ ಕೂಡಿಸಿ ಬಾಗಿಲು ತಿರುಪಿದರು. ಅಮ್ಮ ತನ್ನ ಮುಖವಾಡ ಸರಿಸಿ ಅದನ್ನು ನೋಡಿ, "ಇದೊಳ್ಳೆ ಇಡ್ಲಿ ಪಾತ್ರೆ ಇದ್ದಂಗಿದೆ" ಎಂದಳು. "ಬೇಯಿಸ್ತಾರೇನೇ ನನ್ ಮಗಳನ್ನ?" ಭಾವ ಆ ದಿನ ಮೊದಲ ಸಲ ತನ್ನದೇ ನಗು ನಕ್ಕ, ನಕ್ಕು ಮುಖ ಮುಚ್ಚಿಕೊಂಡು ಬಿಕ್ಕಿದ.

ತಡರಾತ್ರಿ ಡಾಕ್ಟರಮ್ಮ ಬಂದು ಎಲ್ಲರೂ ಪಾರಾದಿರಿ ಎಂದರು. ಎಲ್ಲರೂ. ಆ ಮಾತು ಕೇಳಿ ನಾನು ಆಸ್ಪತ್ರೆಯ ಆ ಉದ್ದ ಕಾರಿಡಾರಿನಲ್ಲಿ ಒಬ್ಬಳೇ ಈ ತುದಿಯಿಂದ ಆ ತುದಿಗೆ ನಡೆದೆ, ಮುಷ್ಟಿ ಬಿಗಿದು ಗಾಳಿಗೆ ಎರಡು ಸಲ ಗುದ್ದಿದೆ. ಯಾರೋ ನರ್ಸ್ ನೋಡಿ ಹೆಬ್ಬೆರಳೆತ್ತಿ ತೋರಿಸಿದಳು.

ಆಂಟಿ ಒಬ್ಬರೇ ಒಂದು ಕುರ್ಚಿಯಲ್ಲಿ ಕೂತಿದ್ದರು, ಬೂಟಿನ ಮೇಲಿನ ಕಾಲುಚೀಲ ಇನ್ನೂ ತೊಟ್ಟಿಕ್ಕುತ್ತಿತ್ತು. ನಮ್ಮನ್ನೆಲ್ಲ ಉಳಿಸಿದಾಕೆ ನಮ್ಮ ಒಬ್ಬೊಬ್ಬರ ಮುಂದೆಯೂ ಎದ್ದು ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ರಸ್ತೆ ತೆರೆದ ಮೇಲೆ ಹ್ಯೂಸ್ಟನ್‌ನಿಂದ ಅವರ ಮಗಳು ಬಂದು ಕರೆದುಕೊಂಡು ಹೋದಳು.

ಬದುಕಿಕೊಂಡೆವು ಸರಿ, ನಿದ್ದೆ ಹೋಯಿತು. ಭಾವ ಕೋಣೆಗೊಂದರಂತೆ ಅಲಾರಂ ತಂದು ಹಾಕಿದ. ಮಲಗುವ ಮುನ್ನ ಪ್ರತಿಯೊಂದರ ಗುಂಡಿ ಒತ್ತಿ ಕೂಗಿಸಿ ನೋಡುತ್ತಿದ್ದ, ಆ ಕೂಗಿಗೆ ಮಗು ಎದ್ದರೆ ಅದೇ ಸಮಾಧಾನ. ಎಲ್ಲರೂ ಮಹಡಿಯ ಮೇಲೆ ಕಿಟಕಿ ತೆರೆದಿಟ್ಟು, ಕೋಟು ತೊಟ್ಟು ಮಲಗಿದರು. ಅಕ್ಕ ಮಲಗುತ್ತಲೇ ಇರಲಿಲ್ಲ. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಕೂತಿರುತ್ತಿದ್ದಳು. ನಿದ್ದೆಯಿಲ್ಲದೆ ಅವಳ ಹಾಲು ಕಡಿಮೆಯಾಗತೊಡಗಿತು. ಕೆಲಸವಿದೆಯೆಂದು ಆಸ್ಟಿನ್‌ಗೆ ಮರಳಿದ ನನಗೂ ಕಣ್ಣು ಮುಚ್ಚಿದರೆ ಭಾವನ ಆ ನಗು. ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಅಕ್ಕ ಮೊದಲ ರಿಂಗಿಗೇ ಎತ್ತುತ್ತಿದ್ದಳು.

"ನೀನೂ ಎದ್ದಿದೀಯಾ?"

"ಹೂಂ."

"ಎಲ್ಲರೂ ಉಸಿರಾಡ್ತಿದ್ದಾರೆ. ಫೋನ್ ಇಡು."

ಸಂಕ್ರಾಂತಿ ಕಳೆದ ಮೇಲೆ ಅಮ್ಮನ ವಿಮಾನ. ಅಮ್ಮ ಅದರ ಬಗ್ಗೆ ಮಾತೆತ್ತಿದರೆ ಒಂದೇ ಮಾತು: "ಇವಳು ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡೋದನ್ನ ನೋಡ್ದೆ ನಾನು ಹತ್ತಲ್ಲ. ಟಿಕೆಟ್ ಏನಾದ್ರೂ ಆಗ್ಲಿ."

ಅಷ್ಟರಲ್ಲಿ ಆಂಟಿ ಭಾವನಿಗೆ ಫೋನ್ ಮಾಡಿದರು. ಹೊಸ ವರ್ಷ ಕಳೆದ ಕೂಡಲೇ ಬಡಗಿ ಬರುತ್ತಾನೆ, ಚಾಪೆ ಕೀಳಿಸಿ, ಹೊಂಡ ತುಂಬಿಸಿ, ಎಲ್ಲರ ಮನೆಯ ಹಾಗೆ ಕಾರ್ಪೆಟ್ ಹಾಕಿಸುತ್ತೇನೆ ಎಂದರು. ಭಾವನಿಗೆ ಅದೇ ಸರಿ ಅನ್ನಿಸಿತ್ತು. ಅಕ್ಕ ಬೇಡವೆಂದಳು.

"ಆ ಕೋಣೆನ ಹಾಗೆ ಮುಚ್ಚಿಬಿಟ್ರೆ ನಾನು ಜೀವಮಾನ ಪೂರ್ತಿ ಅದರ ಮೇಲೆ ಎಚ್ಚರವಾಗಿ ಕೂತಿರ್ತೀನಿ" ಎಂದಳು ನನಗೆ. "ಆಂಟೀನ ಕರ್ಕೊಂಡ್ ಬಾ. ನೀನೇ ಹೋಗು."

ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಹೋದೆ. ಎನರ್ಜಿ ಕಾರಿಡಾರ್‌ನ ಆಫೀಸು ಕಟ್ಟಡಗಳ ಹಿಂದೆ ಆಂಟಿಯ ಮಗಳ ಅಪಾರ್ಟ್‌ಮೆಂಟು. ಆಂಟಿ ಬಡವಾಗಿದ್ದರು. ಅವರಿಗೂ ನಿದ್ದೆಯಿಲ್ಲ ಎಂದು ಮಗಳು ಬಾಗಿಲಲ್ಲೇ ಹೇಳಿದಳು.

"ಕೆಂಡದ ಕಥೆ ನಾನೇ ಹೇಳಿದ್ದು" ಎಂದರು ಆಂಟಿ, ನನ್ನ ಮುಂದೆ ಚಹಾ ಇಟ್ಟು. "ಕೆಂಡದ ದಿನ ನಮ್ಮ ಅಮ್ಮ ಬಾಗಿಲನ್ನು ಒಂದು ಕೈಯಗಲ ತೆರೆದೇ ಇಡುತ್ತಿದ್ದಳು. ರಜಾಯಿಯೊಳಗೆ ತಲೆ ಹಾಕಿದರೆ ಹೊಡೆಯುತ್ತಿದ್ದಳು. ಅದನ್ನು ಹೇಳಲೇ ಇಲ್ಲ. ಚೆಂದದ್ದನ್ನು ಮಾತ್ರ ಹೇಳಿದೆ." ಕಪ್ಪನ್ನು ನನ್ನ ಕಡೆ ಸರಿಸಿ ಮತ್ತೆ ಹೇಳಿದರು: "ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಗೆ ಹೋಗಿ ಕೂಗಿದ್ದೆ. ಅವರ ಮನೆಯಲ್ಲೂ ಅಂದು ಕೆಂಡ ಹಾಕಿದ್ದರು, ಒಳಗಿನಿಂದ ಉತ್ತರ ಬರಲಿಲ್ಲ. ನಾನು ಒಳ್ಳೆಯ ಹುಡುಗಿಯ ಹಾಗೆ ಮನೆಗೆ ವಾಪಸು ಬಂದುಬಿಟ್ಟೆ."

ನಾನು ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅಮ್ಮ ಅನುವಾದಕ್ಕೆ ಕಾಯಲಿಲ್ಲ.

"ಏನಮ್ಮಾ ನೀನು? ಕೆಂಡ ಹಾಕು ಅಂದಿದ್ದು ನಾನು. ಹಾಕಿದ್ದು ನನ್ನ ಅಳಿಯ. ನೀನು ಮಾಡಿದ್ದು ಒಂದೇ, ನನ್ ಮೊಮ್ಮಗಳನ್ನ ಎತ್ಕೊಂಡ್ ಓಡಿದ್ದು. ಬೇಬಿ ಫ್ಯಾಟ್! ಟೂ ಮಚ್ ಫ್ಯಾಟ್! ಯೂ ಕಮ್, ಯೂ ಸೀ. ಕಮ್ ಟುಮಾರೋ. ನೋ, ಕಮ್ ಟುಡೇ!"

ಆಂಟಿ ಅನುವಾದ ಕೇಳಲಿಲ್ಲ. ಎದ್ದು ಚೀಲ ತುಂಬಿಸಿಕೊಂಡರು. ದಾರಿಯಲ್ಲಿ ಒಂದು ಜಪಾನಿ ಅಂಗಡಿಯಲ್ಲಿ ನಿಲ್ಲಿಸಿ, ಬಾಗಿಲಿಗೆ ಅಂಟಿಸುವ ಕಾಗದದ ಉದ್ದನೆಯ ಸುರುಳಿ ಕೊಂಡರು. ಡಾಲಸ್‌ವರೆಗೂ ಅದು ನಮ್ಮಿಬ್ಬರ ಸೀಟಿನ ನಡುವೆ ಕಿಟಕಿಯವರೆಗೆ ಚಾಚಿಕೊಂಡಿತ್ತು.

ಮನೆ ತಲುಪಿ ಕಲ್ಲುಹಾಸಿನ ಮೇಲೆ ನಿಂತಾಗ ಅವರು ಕೂಗಲಿಲ್ಲ, ಕಾಗದದ ಸುರುಳಿ ಹಿಡಿದು ತಲೆ ತಗ್ಗಿಸಿದರು. ಅಷ್ಟರಲ್ಲಿ ಒಳಗಿನಿಂದ ಅಮ್ಮ ಬಂದು ಮಗುವನ್ನು ಅವರ ಕೈಗೆ ಹಾಕಿದಳು.

ಜಪಾನಿನಲ್ಲಿ ವರ್ಷದ ಕೊನೆಗೆ ಮನೆಯನ್ನೆಲ್ಲ ತೊಳೆದು ಬಳಿದು, ಬಾಗಿಲುಗಳ ಹಳೆಯ ಕಾಗದ ತೆಗೆದು ಹೊಸದು ಹಚ್ಚುತ್ತಾರಂತೆ. ವರ್ಷವಿಡೀ ಕಾಗದ ಮುಟ್ಟಿದರೆ ಬೈಸಿಕೊಳ್ಳುವ ಮಕ್ಕಳಿಗೆ ಆ ಒಂದು ದಿನ ಹಳೆಯದನ್ನು ಬೇಕಾದಷ್ಟು ಹರಿಯುವ ಪರವಾನಗಿ. ಮಾರನೆಯ ದಿನ ಬೆಳಿಗ್ಗೆ ಆಂಟಿ ಮುರಿದ ಕಡ್ಡಿಗಳನ್ನು ಕಟ್ಟಿ ಸರಿಮಾಡಿ, ಬಾಗಿಲುಗಳನ್ನು ಹಜಾರದಲ್ಲಿ ಸಾಲಾಗಿ ನಿಲ್ಲಿಸಿ, "ಶುರು ಮಾಡಿ" ಎಂದರು.

ಯಾರೂ ಮುಂದೆ ಬರಲಿಲ್ಲ. ಆಂಟಿಯೇ ತೋರುಬೆರಳು ನೆಕ್ಕಿ ಒಂದು ಚೌಕಕ್ಕೆ ಪುಸಕ್ಕೆಂದು ತೂತು ಮಾಡಿದರು. ಅಮ್ಮ "ಅಯ್ಯೋ, ಒಳ್ಳೆ ಕಾಗದ" ಎನ್ನುತ್ತಲೇ ಇನ್ನೊಂದಕ್ಕೆ ಬೆರಳು ಹಾಕಿದಳು. ಆಮೇಲೆ ಅಕ್ಕ ಮುಂದೆ ಬಂದಳು. ಮಗುವನ್ನು ನನ್ನ ಕೈಗೆ ಕೊಟ್ಟು ಮುಷ್ಟಿ ಬಿಗಿದು ಗುದ್ದಿದಳು. ಮೊಣಕೈವರೆಗೂ ಒಳಗೆ ಹೋಯಿತು. ಮತ್ತೊಂದು ಗುದ್ದಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ಎರಡೂ ಕೈಯಲ್ಲಿ ಗುದ್ದಿದಳು, ಹರಿದಳು, ಕಾಲಿನಿಂದ ಒದ್ದಳು, ಕೂದಲೆಲ್ಲ ಬಿಚ್ಚಿಹೋಗಿ ಹಣೆ ಬೆವತಿತು. ಅವಳ ಗಂಟಲಿನಿಂದ ಬರುತ್ತಿದ್ದದ್ದು ಅಳುವೋ ನಗುವೋ ಮೊದಲು ತಿಳಿಯಲಿಲ್ಲ. ನಗುವೇ ಆಗಿತ್ತು.

"ನನಗೂ ಒಂದಾದ್ರೂ ಬಿಡೇ" ಎಂದ ಭಾವ.

"ನಿಮಗಾ? ನೀವು ಅಲಾರಂ ಬ್ಯಾಟರಿ ತೆಗೆದೋರು. ಅಲ್ಲಿ ಮೂಲೇಲಿ ಚಿಕ್ಕದೊಂದಿದೆ, ತಗೊಳ್ಳಿ."

ಅವರಿಬ್ಬರ ನಡುವೆ ಆ ಮಾತು ಮೊದಲ ಸಲ ಬಾಯಿಗೆ ಬಂದದ್ದು ಆಗ. ಭಾವ ಆ ಚಿಕ್ಕ ಚೌಕಕ್ಕೆ ಹಣೆಯಿಂದ ಡಿಕ್ಕಿ ಹೊಡೆದು, ಕಾಗದದಿಂದ ಮುಖ ಹೊರಗೆ ಹಾಕಿ ಹಾಗೇ ನಿಂತ. ಮಗು ಅವನನ್ನು ನೋಡಿ ಬಾಯಗಲಿಸಿತು.

ಅಂಟಿಗೆ ಆಂಟಿ ಅನ್ನದ ಗಂಜಿ ಅರೆದರು, ಅಮ್ಮ ಮೈದಾ ಬೇಯಿಸಿದಳು. ಯಾವುದು ಹೆಚ್ಚು ಹಿಡಿಯುತ್ತದೆ ಎಂದು ಇಬ್ಬರಿಗೂ ಪಂತ. ಕೊನೆಗೆ ಆಳಿಗೊಂದು ಬಾಗಿಲು ಹಂಚಿಕೊಂಡು ಅವರವರ ಅಂಟಿನಿಂದಲೇ ಅಂಟಿಸಿದರು. ಒಣಗುವಾಗ ಮೇಲೆ ತೆಳುವಾಗಿ ನೀರು ಚಿಮುಕಿಸಿದರೆ ಕಾಗದ ತಮಟೆಯ ಹಾಗೆ ಬಿಗಿದುಕೊಳ್ಳುತ್ತದೆ. ಎರಡೂ ಬಿಗಿದುಕೊಂಡವು, ಎರಡರ ಮೇಲೂ ಬೆರಳಿನಿಂದ ತಟ್ಟಿ ಸದ್ದು ನೋಡಿದರು. ಯಾರೂ ಸೋಲಲಿಲ್ಲ. ಹೊಂಡದ ಬೂದಿಯನ್ನು ಭಾವ ಕೈಯಾರೆ ಬಾಚಿ, ತೊಳೆದು, ಹೀಟರನ್ನು ಮತ್ತೆ ಕೂರಿಸಿದ, ಒಡೆದ ಗಾಜಿಗೆ ಹೊಸದು ಹಾಕಿಸಿದ. ಬೂಟಿನ ಕಲೆ ಚಾಪೆಯಿಂದ ಹೋಗಲಿಲ್ಲ. ಆಂಟಿ ಬಟ್ಟೆ ಹಿಡಿದು ಉಜ್ಜಲು ಬಗ್ಗಿದಾಗ ಅಕ್ಕ ಅವರ ಕೈ ಹಿಡಿದು ಬೇಡವೆಂದಳು. ಅಮ್ಮ ಅಂದಿನಿಂದ ಸಾಂಬ್ರಾಣಿಯನ್ನು ಹಿತ್ತಲಿನಲ್ಲಿ ಹಾಕತೊಡಗಿದಳು, ಒಳಗೆ ಬರುವಾಗ ಸೂರಿನ ಅಲಾರಮ್ಮಿಗೆ ಒಂದು ನಮಸ್ಕಾರ ಬೇರೆ.

ಆದರೂ ಎಲ್ಲರೂ ಮಹಡಿಯ ಮೇಲೆಯೇ ಮಲಗುತ್ತಿದ್ದರು. ಸಂಕ್ರಾಂತಿಗೆ ನಾನು ಮತ್ತೆ ಡಾಲಸ್‌ಗೆ ಬಂದೆ. ಎಳ್ಳು ಬೆಲ್ಲ ಹಂಚಿ, ಸಿಹಿ ಪೊಂಗಲ್ ಉಂಡು, ಚಾಪೆಕೋಣೆಯಲ್ಲಿ ಎಲ್ಲರೂ ಕಾಲು ಇಳಿಬಿಟ್ಟು ಕೂತಿದ್ದೆವು. ಅಕ್ಕ ಇದ್ದಕ್ಕಿದ್ದಂತೆ, "ಇವತ್ತು ಇ‌ಲ್ಲೇ" ಎಂದಳು. ಗೋಡೆಯ ಕಪಾಟಿನಿಂದ ಮಡಿಸಿಟ್ಟ ಹಾಸಿಗೆಗಳು ಬಂದವು. ಅಮ್ಮನೂ ಆಂಟಿಯೂ ಉತ್ತರ ಯಾವ ಕಡೆ ಎಂದು ಒಬ್ಬರಿಗೊಬ್ಬರು ಕೈ ತೋರಿಸಿ ತೀರ್ಮಾನಿಸಿ, ತಲೆದಿಂಬುಗಳನ್ನೆಲ್ಲ ಪೂರ್ವಕ್ಕೆ ತಿರುಗಿಸಿದರು. ಹೀಟರು ಆರಿಸಿದೆವು, ಕಾಗದದ ಬಾಗಿಲನ್ನು ಕೈಯಗಲ ತೆರೆದೆವು. ಭಾವ ಗುಂಡಿ ಒತ್ತಲು ಸ್ಟೂಲ್ ಹುಡುಕುತ್ತಿದ್ದವನು ಅಕ್ಕನ ಮುಖ ನೋಡಿ ಬಂದು ಮಲಗಿದ. ಬೇಸಿಗೆ ರಜೆಯಲ್ಲಿ ನಂಟರ ಮಕ್ಕಳೆಲ್ಲ ಸಾಲಾಗಿ ಮಲಗುವಂತೆ ಮಲಗಿದೆವು, ಒಂದು ತುದಿಗೆ ಅಮ್ಮ, ಇನ್ನೊಂದು ತುದಿಗೆ ಆಂಟಿ, ನಡುವೆ ಮಗು.

ನನ್ನನ್ನು ಎಬ್ಬಿಸಿದ್ದು ಕಸದ ಲಾರಿಯ ಸದ್ದು. ಹೊಸ ಕಾಗದದ ಮೇಲೆ ಬಿಸಿಲು ಆಗಲೇ ಅರ್ಧ ಏರಿತ್ತು. ಭಾವ ಧಡಕ್ಕನೆ ಎದ್ದು, "ಅಯ್ಯೋ, ಡಬ್ಬ ಹೊರಗಿಟ್ಟಿಲ್ಲ!" ಎಂದು ಲುಂಗಿ ಎತ್ತಿಕಟ್ಟಿಕೊಂಡು ಓಡಿದ. ಕಾಗದದ ಸಂದಿಯಿಂದ ನೋಡಿದೆ: ಗಡಗಡ ಎನ್ನುವ ಕಸದ ಡಬ್ಬವನ್ನು ಎಳೆದುಕೊಂಡು ಬರಿಗಾಲಿನಲ್ಲಿ ಬೇಲಿಯ ಪಕ್ಕ ಓಡುತ್ತಿದ್ದಾನೆ, ಹಿತ್ತಲ ಓಣಿಯ ತಿರುವಿನಲ್ಲಿ ಲಾರಿ ಮರೆಯಾಗುತ್ತಿದೆ. ಏದುಸಿರು ಬಿಡುತ್ತ ವಾಪಸು ಬಂದವನನ್ನು ನೋಡಿ ಅಮ್ಮ ಮಲಗಿದ್ದಲ್ಲಿಂದಲೇ ಪಿಸುಗುಟ್ಟಿದಳು.

"ಬಿಡಿ ಅಳಿಯಂದಿರೇ, ಮುಂದಿನ ವಾರ ಹಾಕಿದ್ರಾಯ್ತು. ಸದ್ದು ಮಾಡ್ಬೇಡಿ."

ಆಂಟಿ ಗೋಡೆಯ ಕಡೆ ತಿರುಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಮಗು ಎರಡೂ ಕೈ ಮೇಲೆತ್ತಿ ಮಲಗಿತ್ತು. ಅಷ್ಟು ಗಲಾಟೆಯಾದರೂ ಅಕ್ಕ ಏಳಲಿಲ್ಲ.